ಕಂಪನಿ ಬದಲಾಯಿತು ಅಂತ ಹೇಳುವವರು ಯಾರು?

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಬಂತು. ಖರೀದಿ, ಸ್ಟಾಕು, ಬಿಲ್ಲು, ಸಂಬಳ ಎಲ್ಲ ಒಂದೇ ಕಡೆ. ಸುಮಾರು ಒಂದು ವರ್ಷ ಬರೀ ಟ್ರೈನಿಂಗು, ಮೀಟಿಂಗು. ಆಮೇಲೆ ವಾರ್ಷಿಕ ವರದಿಯಲ್ಲಿ ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್ ಮುಗಿದಿದೆ ಅಂತ ಒಂದು ಪೂರ್ತಿ ಪುಟ ಬಂತು, ಬಣ್ಣದ ಚಿತ್ರಗಳ ಜೊತೆ. ಅದೇ ವಾರ ಏನೋ ಕೆಲಸಕ್ಕೆ ಸ್ಟೋರ್ಸ್‌ಗೆ ಹೋಗಿದ್ದೆ. ಅಲ್ಲಿ ಹಿರಿಯರೊಬ್ಬರು ಇದ್ದರು. ಲಾರಿಯಿಂದ ಮಾಲು ಇಳಿಯುತ್ತಿದ್ದ ಹಾಗೇ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಸಂಜೆ ಕೂತು ಅದನ್ನೆಲ್ಲ ಮತ್ತೆ ಕಂಪ್ಯೂಟರಿಗೆ ಹಾಕುತ್ತಿದ್ದರು. ಅವರ ಪಾಲಿಗೆ ಒಂದು ಕೆಲಸ ಎರಡಾಗಿತ್ತು, ಅಷ್ಟೇ.

ಆ ಪುಟ ಒಂದು ಕಡೆ, ಈ ನೋಟ್‌ಬುಕ್ ಒಂದು ಕಡೆ. ಎರಡೂ ಒಂದೇ ಕಂಪನಿಯ ಮಾತು ಹೇಳುತ್ತಿದ್ದವು. ಯಾವುದನ್ನು ನಂಬುವುದು?

ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹಾಗಾಗಿ ಇದರ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಏನು ಸಂಶೋಧನೆ ನಡೆದಿದೆ ಅಂತ ಓದಲು ಶುರು ಮಾಡಿದೆ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಒಂದೆರಡು ಗಂಟೆ, ಸಿಕ್ಕ ಪೇಪರ್‌ಗಳನ್ನೆಲ್ಲ. ಈಗ ಒಂದಷ್ಟು ಓದಿದ ಮೇಲೆ ಕಂಡದ್ದನ್ನು ಬರೆಯಬೇಕು ಅನಿಸಿದೆ. ಓದುವಾಗೆಲ್ಲ ಒಂದೇ ವಿಷಯ ಹುಡುಕುತ್ತಿದ್ದೆ: ಕಂಪನಿ ಬದಲಾಯಿತು ಅನ್ನುವ ಮಾತನ್ನು ಈ ಸಂಶೋಧಕರು ಯಾರ ಬಾಯಿಂದ ಕೇಳುತ್ತಿದ್ದಾರೆ?

ಮೊದಲು ಪದದ ಗೊಂದಲ. ಗ್ರೆಗರಿ ವಿಯಾಲ್ ಅನ್ನುವ ಸಂಶೋಧಕರು 2019ರಲ್ಲಿ ಈ ವಿಷಯದ ಮೇಲಿನ 282 ಬರಹಗಳನ್ನು ಓದಿ ಒಂದು ದೊಡ್ಡ ವಿಮರ್ಶೆ ಬರೆದರು. ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖ ಮಾಡುವ ಪೇಪರ್ ಅದು. ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್ ಅಂದರೆ ಏನು ಅನ್ನುವುದಕ್ಕೆ ಅವರಿಗೆ 23 ಬೇರೆ ಬೇರೆ ವ್ಯಾಖ್ಯಾನ ಸಿಕ್ಕವು. 23! ಒಂದೇ ಹೆಸರಿಟ್ಟುಕೊಂಡು ಇಷ್ಟು ಜನ ಇಷ್ಟು ಬೇರೆ ವಿಷಯ ಅಳೆಯುತ್ತಿದ್ದರೆ ಫಲಿತಾಂಶಗಳು ಒಂದಕ್ಕೊಂದು ಹೊಂದದಿರುವುದರಲ್ಲಿ ಆಶ್ಚರ್ಯ ಏನಿದೆ?

2021ರಲ್ಲಿ ಪೀಟರ್ ವೆರ್‌ಹೂಫ್ ಮತ್ತು ಅವರ ಜೊತೆಗಾರರು ಈ ಗೊಂದಲವನ್ನು ಮೂರು ಮೆಟ್ಟಿಲು ಮಾಡಿ ಬಿಡಿಸಿದರು. ನನಗೆ ಅದು ತುಂಬಾ ಉಪಯೋಗಕ್ಕೆ ಬಂತು. ಕಾಗದದ ಬಿಲ್ಲನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಅದು ಡಿಜಿಟೈಸೇಶನ್, ಮಾಹಿತಿ ಇರುವ ಜಾಗ ಮಾತ್ರ ಬದಲಾಗುತ್ತದೆ. ಆ ಬಿಲ್ಲು ಮೇಜಿಂದ ಮೇಜಿಗೆ ಓಡಾಡದೆ ಸಿಸ್ಟಮ್‌ನಲ್ಲೇ ಮಂಜೂರಾಗಿ ಹಣ ಹೋದರೆ ಡಿಜಿಟಲೈಸೇಶನ್, ಕೆಲಸದ ದಾರಿ ಬದಲಾಗುತ್ತದೆ. ಕಂಪನಿ ಹಣ ಮಾಡುವ ರೀತಿಯೇ ಬದಲಾದರೆ, ಯಂತ್ರ ಮಾರುವುದನ್ನು ಬಿಟ್ಟು ಯಂತ್ರ ಓಡಿದ ಗಂಟೆಗಳಿಗೆ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದರೆ, ಆಗ ಅದು ಟ್ರಾನ್ಸ್‌ಫಾರ್ಮೇಶನ್.

ಈ ಗಂಟೆ ಲೆಕ್ಕದ ಉದಾಹರಣೆ ಬಂದಾಗೆಲ್ಲ ವಿಮಾನದ ಎಂಜಿನ್ ಕಥೆ ಬರುತ್ತದೆ, ರೋಲ್ಸ್ ರಾಯ್ಸ್ ಹೆಸರು ಬರುತ್ತದೆ. ಆದರೆ ಆ ಯೋಜನೆ ಶುರುವಾಗಿದ್ದು 1962ರಲ್ಲಿ, ಬ್ರಿಸ್ಟಲ್ ಸಿಡ್ಲಿ ಅನ್ನುವ ಕಂಪನಿಯಲ್ಲಿ. ಎಂಜಿನ್ ಹಾರಿದ ಗಂಟೆಗೆ ಇಷ್ಟು ಅಂತ ಹಣ, ರಿಪೇರಿ ಕಂಪನಿಯದೇ. 1966ರಲ್ಲಿ ಆ ಕಂಪನಿಯನ್ನು ರೋಲ್ಸ್ ರಾಯ್ಸ್ ಕೊಂಡಿತು. ಅಂದರೆ ಸೆನ್ಸರು, ಕ್ಲೌಡು ಏನೂ ಇಲ್ಲದ ಕಾಲದಲ್ಲೇ ವ್ಯಾಪಾರದ ಯೋಚನೆ ಹುಟ್ಟಿಯಾಗಿತ್ತು. ತಂತ್ರಜ್ಞಾನ ಆಮೇಲೆ ಬಂದು ಅದಕ್ಕೆ ಬಲ ಕೊಟ್ಟಿತು. ಇದು ಗೊತ್ತಾದ ಮೇಲೆ ನಾನು ಹಿಂದಕ್ಕೆ, ಹಳೆಯ ಪೇಪರ್‌ಗಳ ಕಡೆ ಹೋದೆ. ಅಲ್ಲಿ ಸಿಕ್ಕಷ್ಟು ಇತ್ತೀಚಿನದರಲ್ಲಿ ನನಗೆ ಸಿಕ್ಕಿಲ್ಲ.

1987ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಒಂದು ಪುಸ್ತಕ ವಿಮರ್ಶೆಯ ಮಧ್ಯೆ ಒಂದು ಮಾತು ಬರೆದರು: ಕಂಪ್ಯೂಟರ್ ಯುಗ ಎಲ್ಲ ಕಡೆ ಕಾಣುತ್ತಿದೆ, ಉತ್ಪಾದಕತೆಯ ಅಂಕಿ ಅಂಶದಲ್ಲಿ ಮಾತ್ರ ಕಾಣುತ್ತಿಲ್ಲ ಅಂತ. ಆ ಒಂದು ಸಾಲು ಅರ್ಥಶಾಸ್ತ್ರಜ್ಞರನ್ನು ವರ್ಷಗಟ್ಟಲೆ ಕಾಡಿತು. ಕಂಪನಿಗಳು ಇಷ್ಟೊಂದು ಹಣ ಸುರಿದು ಕಂಪ್ಯೂಟರ್ ಕೊಂಡಿವೆ, ಫಲ ಎಲ್ಲಿ?

ನನಗೆ ಅತ್ಯಂತ ಇಷ್ಟವಾದ ಉತ್ತರ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಅವರದು, 1990ರದು. ಅವರು ಕಂಪ್ಯೂಟರನ್ನು ಪಕ್ಕಕ್ಕಿಟ್ಟು ಕರೆಂಟಿನ ಕಥೆ ಹೇಳಿದರು. ಎಡಿಸನ್ ಅವರ ವಿದ್ಯುತ್ ಕೇಂದ್ರ ನ್ಯೂಯಾರ್ಕ್‌ನಲ್ಲಿ ಶುರುವಾಗಿದ್ದು 1882ರಲ್ಲಿ. ಆದರೆ 1900ರ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ಶೇ. 5 ಕೂಡ ವಿದ್ಯುತ್ ಮೋಟಾರ್‌ಗಳಿಂದ ಬರುತ್ತಿರಲಿಲ್ಲ. ಅರ್ಧದಷ್ಟಾಗಲು ಸುಮಾರು 1920 ಬರಬೇಕಾಯಿತು. ಯಾಕೆ? ಹಳೆಯ ಕಾರ್ಖಾನೆಯಲ್ಲಿ ಕೆಳಗೊಂದು ದೊಡ್ಡ ಸ್ಟೀಮ್ ಎಂಜಿನ್ ಇರುತ್ತಿತ್ತು. ಅದರಿಂದ ಉದ್ದನೆಯ ಶಾಫ್ಟ್‌ಗಳು, ಶಾಫ್ಟ್‌ನಿಂದ ಬೆಲ್ಟ್‌ಗಳು, ಬೆಲ್ಟ್‌ನಿಂದ ಯಂತ್ರಗಳು. ಶಕ್ತಿ ದೂರ ಹೋಗದು ಅಂತ ಕಟ್ಟಡವನ್ನೇ ಮಹಡಿ ಮೇಲೆ ಮಹಡಿ ಕಟ್ಟುತ್ತಿದ್ದರು. ಕರೆಂಟು ಬಂದಾಗ ಜನ ಮಾಡಿದ್ದೇನೆಂದರೆ ಆ ಸ್ಟೀಮ್ ಎಂಜಿನ್ ಕಿತ್ತು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರ್ ಕೂರಿಸಿದರು. ಶಾಫ್ಟು ಹಾಗೇ ಇತ್ತು, ಬೆಲ್ಟು ಹಾಗೇ ಇತ್ತು, ಕಟ್ಟಡ ಹಾಗೇ ಇತ್ತು. ಲಾಭ ಅಷ್ಟಕ್ಕಷ್ಟೇ. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರ್ ಬಂದು, ಕಟ್ಟಡ ಒಂದೇ ಅಂತಸ್ತಿಗೆ ಇಳಿದು, ಕೆಲಸ ಸಾಗುವ ಕ್ರಮದ ಪ್ರಕಾರ ಯಂತ್ರಗಳನ್ನು ಜೋಡಿಸಲು ಶುರು ಮಾಡಿದ ಮೇಲೆ, ಅಂದರೆ 1920ರ ದಶಕದಲ್ಲಿ, ಉತ್ಪಾದಕತೆ ಜಿಗಿಯಿತು.

ಇದನ್ನು ಓದಿದಾಗ ನನಗೆ ನಮ್ಮ ಸ್ಟೋರ್ಸ್ ಕಣ್ಣ ಮುಂದೆ ಬಂತು. ಸ್ಟೀಮ್ ಎಂಜಿನ್ ತೆಗೆದು ಮೋಟಾರ್ ಕೂರಿಸಿದ್ದೆವು, ಶಾಫ್ಟು ಬೆಲ್ಟು ಹಾಗೇ ಇತ್ತು.

ಅದೇ 1990ರಲ್ಲಿ ಮೈಕೆಲ್ ಹ್ಯಾಮರ್ ಫೋರ್ಡ್ ಕಂಪನಿಯ ಒಂದು ಉದಾಹರಣೆ ಬರೆದರು. ಫೋರ್ಡ್‌ನಲ್ಲಿ ಸರಬರಾಜುದಾರರ ಬಿಲ್ ಪಾವತಿ ಮಾಡುವ ವಿಭಾಗದಲ್ಲಿ 500ಕ್ಕೂ ಜಾಸ್ತಿ ಜನ ಇದ್ದರು. ಕಂಪ್ಯೂಟರ್ ಹಾಕಿ ಶೇ. 20ರಷ್ಟು ಜನರನ್ನು ಕಡಿಮೆ ಮಾಡಬಹುದು ಅಂತ ಲೆಕ್ಕ ಹಾಕುತ್ತಿದ್ದರು. ಆಮೇಲೆ ಮಜ್ದಾದಲ್ಲಿ ನೋಡಿದರೆ ಅದೇ ಕೆಲಸಕ್ಕೆ ಇದ್ದವರು 5 ಜನ. ಮಜ್ದಾ ಚಿಕ್ಕ ಕಂಪನಿ, ನಿಜ, ಆದರೂ ಅಷ್ಟು ವ್ಯತ್ಯಾಸ ಇರಲು ಸಾಧ್ಯವಿಲ್ಲ ಅಲ್ವಾ? ಫೋರ್ಡ್‌ನವರ ಸಮಯ ಹೋಗುತ್ತಿದ್ದುದೆಲ್ಲ ಆರ್ಡರು, ಮಾಲು ಬಂದ ರಸೀದಿ, ಬಿಲ್ಲು, ಈ ಮೂರೂ ತಾಳೆಯಾಗದೆ ಇದ್ದಾಗ ಯಾಕೆ ಆಗಲಿಲ್ಲ ಅಂತ ಹುಡುಕುವುದರಲ್ಲಿ. ಕೊನೆಗೆ ಅವರು ಬಿಲ್ಲನ್ನೇ ತೆಗೆದುಹಾಕಿದರು. ಮಾಲು ಬಂದಾಗ ಇಳಿಸಿಕೊಳ್ಳುವವನೇ ಕಂಪ್ಯೂಟರಿನಲ್ಲಿ ಆರ್ಡರ್ ಜೊತೆ ತಾಳೆ ನೋಡುತ್ತಾನೆ, ಸರಿ ಇದ್ದರೆ ಒಪ್ಪುತ್ತಾನೆ, ಹಣ ತಾನಾಗೇ ಹೋಗುತ್ತದೆ. ತಾಳೆಯಾಗದಿದ್ದರೆ ಮಾಲು ವಾಪಸ್. ಜನರ ಸಂಖ್ಯೆ ಶೇ. 75ರಷ್ಟು ಇಳಿಯಿತು. ಆ ಜನರ ಗತಿ ಏನಾಯಿತು ಅನ್ನುವುದು ನಾನು ಮರೆಯಲು ಬಯಸದ ಪ್ರಶ್ನೆ. ಆದರೆ ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಬದಲಾವಣೆಯ ಗುಟ್ಟು ಇದ್ದದ್ದು ಮಾಲು ಇಳಿಸುವ ಜಾಗದಲ್ಲಿ. ಅಲ್ಲಿ ನಿಂತು ನೋಡದೆ ಅದು ಸಿಗುತ್ತಿರಲಿಲ್ಲ.

ನಿಂತು ನೋಡುವ ಸಂಶೋಧನೆ. ನಾನು ಹುಡುಕುತ್ತಿದ್ದದ್ದು ಅದನ್ನೇ, ಮತ್ತು ಅದಕ್ಕೆ ಒಂದು ದೊಡ್ಡ ಪರಂಪರೆಯೇ ಇದೆ ಅಂತ ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು. 1951ರಲ್ಲಿ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಪೇಪರ್ ಬರೆದರು. ಬ್ಯಾಮ್‌ಫೋರ್ತ್ ತಾವೇ ವರ್ಷಗಟ್ಟಲೆ ಗಣಿಯಲ್ಲಿ ದುಡಿದವರು. ಮೊದಲೆಲ್ಲ ಎರಡು ಮೂರು ಜನರ ಚಿಕ್ಕ ಗುಂಪು ಇಡೀ ಕೆಲಸವನ್ನು ತಾವೇ ಮಾಡುತ್ತಿತ್ತು. ಜೊತೆಗಾರರನ್ನು ಅವರೇ ಆರಿಸಿಕೊಳ್ಳುತ್ತಿದ್ದರು, ಕತ್ತಲಲ್ಲಿ ಒಬ್ಬರಿಗೊಬ್ಬರು ಕಾವಲು. ಯಂತ್ರ ಬಂದ ಮೇಲೆ ಕೆಲಸವನ್ನು ತುಂಡು ಮಾಡಿ ನಲವತ್ತು ಐವತ್ತು ಜನರಿಗೆ, ಮೂರು ಪಾಳಿಗೆ ಹಂಚಿದರು. ಒಂದು ಪಾಳಿಯವರು ಅರ್ಧ ಬಿಟ್ಟರೆ ಮುಂದಿನ ಪಾಳಿಯವರಿಗೆ ಕಷ್ಟ, ಬೈಯೋಣ ಅಂದರೆ ಎದುರಿಗೆ ಯಾರೂ ಇಲ್ಲ. ಜಗಳ ಹೆಚ್ಚಿತು, ಗೈರುಹಾಜರಿ ಹೆಚ್ಚಿತು. ಯಂತ್ರ ಕೆಟ್ಟದ್ದಾಗಿರಲಿಲ್ಲ. ಯಂತ್ರದ ಸುತ್ತ ಜನರನ್ನು ಜೋಡಿಸಿದ ರೀತಿ ಕೆಟ್ಟಿತ್ತು. ಎಪ್ಪತ್ತಕ್ಕೂ ಜಾಸ್ತಿ ವರ್ಷ ಹಳೆಯ ಈ ಪೇಪರ್ ಓದುವಾಗ ಕಂಪ್ಯೂಟರ್ ಅನ್ನುವ ಪದವೇ ಬೇಕಾಗಲಿಲ್ಲ, ನಮ್ಮ ಆಫೀಸೇ ಕಾಣುತ್ತಿತ್ತು.

1986ರಲ್ಲಿ ಸ್ಟೀಫನ್ ಬಾರ್ಲಿ ಅವರ ಅಧ್ಯಯನ ಬಂತು. ಎರಡು ಆಸ್ಪತ್ರೆಗಳು, ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಬಂದ ಅದೇ ಥರದ ಸಿಟಿ ಸ್ಕ್ಯಾನರ್. ಬಾರ್ಲಿ ಅಲ್ಲೇ ಕೂತು ತಿಂಗಳುಗಟ್ಟಲೆ ನೋಡಿದರು. ಡಾಕ್ಟರ್ ಏನು ಹೇಳುತ್ತಾರೆ, ಟೆಕ್ನಿಶಿಯನ್ ಏನು ಕೇಳುತ್ತಾರೆ, ನಿರ್ಧಾರ ಯಾರದು, ಎಲ್ಲ ಬರೆದುಕೊಂಡರು. ಒಂದು ಆಸ್ಪತ್ರೆಯಲ್ಲಿ ಟೆಕ್ನಿಶಿಯನ್‌ಗಳಿಗೆ ಸ್ವಂತ ನಿರ್ಧಾರ ತೆಗೆದುಕೊಳ್ಳುವ ಸ್ವಾತಂತ್ರ್ಯ ತುಂಬಾ ಬೆಳೆಯಿತು. ಇನ್ನೊಂದರಲ್ಲಿ ಅಷ್ಟು ಬೆಳೆಯಲಿಲ್ಲ, ಹಿಡಿತ ಹೆಚ್ಚಾಗಿ ಡಾಕ್ಟರ್ ಕೈಯಲ್ಲೇ ಉಳಿಯಿತು. ಯಂತ್ರ ಒಂದೇ, ಫಲ ಎರಡು. ಈಗ ಯೋಚಿಸಿ. ಒಂದು ಪ್ರಶ್ನಾವಳಿ ಕಳಿಸಿ "ನಿಮ್ಮ ಆಸ್ಪತ್ರೆ ಸ್ಕ್ಯಾನರ್ ಅಳವಡಿಸಿಕೊಂಡಿದೆಯೇ" ಅಂತ ಕೇಳಿದ್ದರೆ ಎರಡೂ ಕಡೆಯಿಂದ ಹೌದು ಅಂತ ಬರುತ್ತಿತ್ತು. ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ವಾಂಡಾ ಒರ್ಲಿಕೋವ್ಸ್ಕಿ ಅವರ 1992ರ ಪೇಪರ್ ಕೂಡ ಹೀಗೇ. ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿ, ಎಲ್ಲರೂ ಜ್ಞಾನ ಹಂಚಿಕೊಳ್ಳಲಿ ಅಂತ ಲೋಟಸ್ ನೋಟ್ಸ್ ಅನ್ನುವ ಸಾಫ್ಟ್‌ವೇರ್ ತಂದಿತು. ಜನ ಹಂಚಿಕೊಳ್ಳಲಿಲ್ಲ. ಯಾಕೆ ಹಂಚಿಕೊಳ್ಳುತ್ತಾರೆ? ಅಲ್ಲಿ ಬಡ್ತಿ ಸಿಗುತ್ತಿದ್ದದ್ದು ಒಬ್ಬರಿಗಿಂತ ಒಬ್ಬರು ಮುಂದೆ ಇದ್ದರೆ. ನನಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ ಅನ್ನುವುದೇ ಬಂಡವಾಳ. ಜೊತೆಗೆ ಅಲ್ಲಿ ಪ್ರತಿ ಗಂಟೆಯನ್ನೂ ಯಾವುದಾದರೂ ಗ್ರಾಹಕರ ಲೆಕ್ಕಕ್ಕೆ ಬರೆಯಬೇಕಿತ್ತು, ಹೊಸ ಸಾಫ್ಟ್‌ವೇರ್ ಕಲಿಯುವ ಗಂಟೆಯನ್ನು ಯಾರ ಲೆಕ್ಕಕ್ಕೆ ಬರೆಯುವುದು? ಇಂಥ ವಿವರ ಅಲ್ಲಿ ಹೋಗಿ ಮಾತಾಡಿಸಿದವರಿಗೆ ಮಾತ್ರ ಸಿಗುತ್ತದೆ.

ಈಗ ಇವತ್ತಿಗೆ ಬರೋಣ. ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಈ ವಿಷಯದ ಪೇಪರ್‌ಗಳು ಪ್ರವಾಹದ ಹಾಗೆ ಬಂದಿವೆ. 2013ರಲ್ಲಿ ಆನಂದಿ ಭಾರದ್ವಾಜ್ ಮತ್ತು ಜೊತೆಗಾರರು ಒಂದು ವಾದ ಮುಂದಿಟ್ಟರು. ಐಟಿ ತಂತ್ರ (ಸ್ಟ್ರಾಟಜಿ) ಬೇರೆ, ವ್ಯಾಪಾರ ತಂತ್ರ ಬೇರೆ ಅಂತ ನೋಡುವ ಕಾಲ ಹೋಯಿತು, ಎರಡೂ ಸೇರಿ ಒಂದೇ ಡಿಜಿಟಲ್ ವ್ಯಾಪಾರ ತಂತ್ರ ಅಂತ. ಅಲ್ಲಿಂದ ಇದು ಐಟಿ ವಿಭಾಗದ ಓದುಗರಿಂದ ಮ್ಯಾನೇಜ್‌ಮೆಂಟಿನ ಎಲ್ಲ ಶಾಖೆಗೂ ಹರಡಿತು. ಮಾರ್ಕೆಟಿಂಗ್‌ನವರು, ಅಕೌಂಟಿಂಗ್‌ನವರು, ಮಾನವ ಸಂಪನ್ಮೂಲದವರು ಎಲ್ಲರೂ ಬರೆಯತೊಡಗಿದರು. ಕೋವಿಡ್ ಬಂದ ಮೇಲೆ ಇನ್ನೂ ಜಾಸ್ತಿ.

ಆದರೆ ಅಳೆಯುವ ರೀತಿ ನೋಡಿದಾಗ ನನಗೆ ಬೇಸರವಾಗುತ್ತದೆ. ತುಂಬಾ ಪೇಪರ್‌ಗಳಲ್ಲಿ ನಡೆಯುವುದು ಇಷ್ಟು: ಕೆಲವು ನೂರು ಮ್ಯಾನೇಜರ್‌ಗಳಿಗೆ ಆನ್‌ಲೈನ್ ಪ್ರಶ್ನಾವಳಿ ಹೋಗುತ್ತದೆ. ನಿಮ್ಮ ಕಂಪನಿ ಎಷ್ಟು ಡಿಜಿಟಲ್ ಆಗಿದೆ, 1ರಿಂದ 7ರವರೆಗೆ ಅಂಕ ಕೊಡಿ. ನಿಮ್ಮ ಕಂಪನಿ ಪ್ರತಿಸ್ಪರ್ಧಿಗಳಿಗಿಂತ ಎಷ್ಟು ಚೆನ್ನಾಗಿ ನಡೆಯುತ್ತಿದೆ, 1ರಿಂದ 7ರವರೆಗೆ ಅಂಕ ಕೊಡಿ. ಎರಡಕ್ಕೂ ಉತ್ತರ ಕೊಡುವವರು ಒಬ್ಬರೇ, ಅದೂ ಒಂದೇ ಸಲ ಕೂತು. ಖುಷಿಯಲ್ಲಿರುವ ಮ್ಯಾನೇಜರ್ ಎರಡಕ್ಕೂ 6 ಹಾಕುತ್ತಾರೆ, ಬೇಸರದಲ್ಲಿರುವವರು ಎರಡಕ್ಕೂ 3 ಹಾಕುತ್ತಾರೆ. ಆಮೇಲೆ ಎರಡಕ್ಕೂ ಸಂಬಂಧ ಇದೆ ಅಂತ ಫಲಿತಾಂಶ ಬರುತ್ತದೆ. ಈ ತೊಂದರೆ ಸಂಶೋಧಕರಿಗೆ ಗೊತ್ತಿಲ್ಲ ಅಂತಲ್ಲ, ಇದಕ್ಕೆ ಹೆಸರಿದೆ, ಪರೀಕ್ಷೆಗಳಿವೆ. ಆದರೂ ಆ ಸ್ಟೋರ್ಸ್ ಹಿರಿಯರ ಹತ್ತಿರ ಈ ಪ್ರಶ್ನಾವಳಿ ಯಾವತ್ತೂ ಹೋಗುವುದಿಲ್ಲ.

ಎರಡನೆಯದು ಪದ ಎಣಿಸುವುದು. ಇದು ಹೆಚ್ಚಾಗಿ ಚೀನಾದ ಕಂಪನಿಗಳ ಮೇಲಿನ ಅಧ್ಯಯನಗಳಲ್ಲಿ ಕಾಣುತ್ತದೆ. ಶಾಂಘೈ ಮತ್ತು ಶೆನ್‌ಜೆನ್ ಷೇರುಪೇಟೆಯಲ್ಲಿರುವ ಸಾವಿರಾರು ಕಂಪನಿಗಳ ವಾರ್ಷಿಕ ವರದಿಗಳನ್ನು ಕಂಪ್ಯೂಟರ್ ಪ್ರೋಗ್ರಾಮ್ ಓದುತ್ತದೆ. ಬಿಗ್ ಡೇಟಾ, ಕ್ಲೌಡ್, ಬ್ಲಾಕ್‌ಚೈನ್, ಕೃತಕ ಬುದ್ಧಿಮತ್ತೆ, ಇಂಥ ಪದಗಳ ಒಂದು ಪಟ್ಟಿ ಇರುತ್ತದೆ. ಅವು ಎಷ್ಟು ಸಲ ಬಂದಿವೆ ಅನ್ನುವುದೇ ಆ ಕಂಪನಿಯ ಡಿಜಿಟಲ್ ಮಟ್ಟ. ಆಮೇಲೆ ಅದನ್ನು ಉತ್ಪಾದಕತೆ, ಪೇಟೆಂಟ್, ಪರಿಸರ ಸ್ಕೋರ್, ಷೇರಿನ ಏರಿಳಿತ, ಹೀಗೆ ಯಾವುದರ ಜೊತೆ ಬೇಕಾದರೂ ಸೇರಿಸಿ ನೋಡಬಹುದು. ಇದರಲ್ಲಿ ಒಳ್ಳೆಯದೂ ಇದೆ, ಒಪ್ಪುತ್ತೇನೆ. ಹತ್ತಾರು ವರ್ಷದ ಮಾಹಿತಿ ಸಿಗುತ್ತದೆ, ಎಲ್ಲ ಕಂಪನಿಗೂ ಒಂದೇ ಅಳತೆ, ಇನ್ನೊಬ್ಬರು ಅದನ್ನೇ ಮತ್ತೆ ಮಾಡಿ ಪರೀಕ್ಷಿಸಬಹುದು. ಆದರೆ ಎಣಿಸುತ್ತಿರುವುದು ಕಂಪನಿ ಹೇಳಿಕೊಂಡದ್ದನ್ನು. ನಮ್ಮ ಕಂಪನಿಯ ಆ ಬಣ್ಣದ ಪುಟಕ್ಕೆ ಈ ಅಳತೆಯಲ್ಲಿ ಪೂರ್ತಿ ಅಂಕ ಸಿಗುತ್ತಿತ್ತು. ನೋಟ್‌ಬುಕ್ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಮೂರನೆಯದು ಪೇಪರ್‌ಗಳ ಬಗ್ಗೆಯೇ ಪೇಪರ್. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಅನ್ನುವ ಡೇಟಾಬೇಸ್‌ನಲ್ಲಿ "ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್" ಅಂತ ಹುಡುಕಿ, ಸಿಕ್ಕಿದ್ದನ್ನೆಲ್ಲ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಮಾಡಿದ ವಿಒಎಸ್‌ವ್ಯೂವರ್ ಅನ್ನುವ ಸಾಫ್ಟ್‌ವೇರಿಗೆ ಹಾಕಿದರೆ ಬಣ್ಣಬಣ್ಣದ ಬಲೆಯಂಥ ನಕ್ಷೆ ಬರುತ್ತದೆ. ಯಾವ ವರ್ಷ ಎಷ್ಟು ಪೇಪರ್, ಯಾರನ್ನು ಯಾರು ಉಲ್ಲೇಖಿಸಿದ್ದಾರೆ, ಯಾವ ಪದ ಯಾವುದರ ಪಕ್ಕ ಬರುತ್ತದೆ. ಹೊಸದಾಗಿ ಓದಲು ಬಂದವರಿಗೆ ಇದು ದಾರಿ ತೋರಿಸುತ್ತದೆ, ನನಗೂ ತೋರಿಸಿದೆ. ಆದರೆ ಇದರಲ್ಲೊಂದು ದೊಡ್ಡ ತೂತಿದೆ. ಇಂಥ ನಕ್ಷೆ ಪದವನ್ನು ಹುಡುಕುತ್ತದೆ, ವಿಷಯವನ್ನು ಹುಡುಕುವುದಿಲ್ಲ. 1994ರಲ್ಲಿ ವೆಂಕಟರಾಮನ್ ಅವರು ಐಟಿಯಿಂದ ವ್ಯಾಪಾರ ಬದಲಾಗುವ ಐದು ಹಂತಗಳನ್ನು ಬರೆದಿದ್ದಾರೆ. ಒಂದು ಮೂಲೆಯಲ್ಲಿ ಕಂಪ್ಯೂಟರ್ ಬಳಸುವುದರಿಂದ ಶುರುವಾಗಿ, ಕಂಪನಿ ಯಾವ ವ್ಯಾಪಾರದಲ್ಲಿದೆ ಅನ್ನುವುದೇ ಬದಲಾಗುವ ತನಕ. ಇವತ್ತಿನ ಮೂರು ಮೆಟ್ಟಿಲಿಗೆ ಅದು ಅಜ್ಜನಂತೆ. ಆದರೆ ಅದರ ಹೆಸರಿನಲ್ಲಿ "ಡಿಜಿಟಲ್" ಇಲ್ಲ. ಐಟಿಯನ್ನೂ ವ್ಯಾಪಾರವನ್ನೂ ಒಂದಕ್ಕೊಂದು ಹೊಂದಿಸುವ ಸ್ಟ್ರಾಟಜಿಕ್ ಅಲೈನ್‌ಮೆಂಟ್, ಫೋರ್ಡ್ ಮಾಡಿದ ಹಾಗೆ ಕೆಲಸದ ದಾರಿಯನ್ನೇ ಬುಡದಿಂದ ಬದಲಿಸುವ ರೀಇಂಜಿನಿಯರಿಂಗ್, ಗಣಿಯ ಪೇಪರ್, ಸ್ಕ್ಯಾನರ್ ಪೇಪರ್, ಇವುಗಳ ಹೆಸರಿನಲ್ಲೂ ಇಲ್ಲ. ಹಾಗಾಗಿ ನಕ್ಷೆಯಲ್ಲಿ 2014ರ ತನಕ ಏನೂ ಇಲ್ಲದ ಹಾಗೆ, ಆಮೇಲೆ ಇದ್ದಕ್ಕಿದ್ದ ಹಾಗೆ ಬೆಟ್ಟ ಎದ್ದ ಹಾಗೆ ಕಾಣುತ್ತದೆ. ಆ ಬೆಟ್ಟದಲ್ಲಿ ಒಂದು ಪಾಲು ನಿಜವಾದ ಬೆಳವಣಿಗೆ, ಇನ್ನೊಂದು ಪಾಲು ಹಳೆಯ ವಿಷಯಕ್ಕೆ ಬಂದ ಹೊಸ ಹೆಸರು. ಈಗ ಪಿಎಚ್‌ಡಿ ಶುರು ಮಾಡುವ ಹುಡುಗ ಹುಡುಗಿಯರು ಇಂಥ ನಕ್ಷೆಯಿಂದ ಓದು ಶುರು ಮಾಡಿದರೆ ಅರವತ್ತು ವರ್ಷದ ಕೆಲಸ ಅವರ ಕಣ್ಣಿಗೇ ಬೀಳುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಇದಕ್ಕೆ ಎದುರು ವಾದವೂ ಇದೆ. ಲೌರಿ ವೆಸೆಲ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 2021ರಲ್ಲಿ ಈಗಿನದು ಹಳೆಯದರ ಹೊಸ ಹೆಸರಲ್ಲ ಅಂತ ವಾದಿಸಿದ್ದಾರೆ. ಮೊದಲಿನ ಐಟಿ ಬದಲಾವಣೆ ಕಂಪನಿಯ ಗುರುತನ್ನು ಗಟ್ಟಿ ಮಾಡುತ್ತಿತ್ತು, ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್‌ನಲ್ಲಿ ಹೊಸ ಗುರುತೇ ಹುಟ್ಟುತ್ತದೆ, ನಾವು ಯಾರು ಅನ್ನುವ ಉತ್ತರವೇ ಬದಲಾಗುತ್ತದೆ ಅಂತ. ಎರಡು ಸಂಸ್ಥೆಗಳನ್ನು ದೀರ್ಘ ಕಾಲ ಗಮನಿಸಿ ಬರೆದದ್ದು. ನನಗೆ ಪೂರ್ತಿ ಒಪ್ಪಿಗೆ ಆಗಿಲ್ಲ, ಫೋರ್ಡ್‌ನ ಮಾಲು ಇಳಿಸುವವನ ಗುರುತು ಕೂಡ ಅವತ್ತೇ ಬದಲಾಗಿತ್ತು ಅನಿಸುತ್ತದೆ. ಆದರೆ ವಾದ ಗಟ್ಟಿಯಾಗಿದೆ, ಓದಬೇಕಾದ ಪೇಪರ್. ಹಾಗೇ ವೋಲ್ವೋ ಕಾರು ಕಂಪನಿ ತನ್ನ ಕಾರುಗಳಿಗೆ ಇಂಟರ್‌ನೆಟ್ ಜೋಡಿಸಲು ಹೊರಟಾಗ ಒಳಗೆ ಎದ್ದ ತಿಕ್ಕಾಟಗಳ ಬಗ್ಗೆ 2017ರಲ್ಲಿ ಫ್ರೆಡ್ರಿಕ್ ಸ್ವಾನ್ ಮತ್ತು ಜೊತೆಗಾರರು ಬರೆದದ್ದು. ಕಾರು ತಯಾರಿಸುವ ಕ್ರಮಕ್ಕೂ ಸಾಫ್ಟ್‌ವೇರ್ ಮಾಡುವ ಕ್ರಮಕ್ಕೂ ಹೊಂದುವುದಿಲ್ಲ. ಹಿಡಿತ ಬೇಕು, ಸಡಿಲವೂ ಇರಬೇಕು. ಒಳಗಿನವರ ಜೊತೆ ಮಾಡುವುದಾ, ಹೊರಗಿನವರನ್ನು ಸೇರಿಸುವುದಾ? ಕಂಪನಿ ಒಂದು ಕಡೆ ವಾಲಿ, ಮತ್ತೆ ಇನ್ನೊಂದು ಕಡೆ ವಾಲಿ, ಹೀಗೆ ನಡೆಯುತ್ತದೆ. ಬದಲಾವಣೆ ಒಂದು ದಿನ ಮುಗಿಯುತ್ತದೆ ಅನ್ನುವ ನಮ್ಮ ವಾರ್ಷಿಕ ವರದಿಯ ಮಾತು ಎಷ್ಟು ತಪ್ಪು ಅಂತ ಇದರಿಂದ ಗೊತ್ತಾಯಿತು.

ಮಧ್ಯದಲ್ಲಿ ಒಂದು ಅಂಕಿಯ ಬಗ್ಗೆ ಹೇಳಲೇಬೇಕು. ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್‌ಗಳಲ್ಲಿ ಶೇ. 70 ಸೋಲುತ್ತವೆ ಅನ್ನುವುದನ್ನು ನೀವೂ ಕೇಳಿರುತ್ತೀರಿ. ಪ್ರತಿ ಪ್ರೆಸೆಂಟೇಶನ್‌ನಲ್ಲಿ ಇರುತ್ತದೆ, ಎಷ್ಟೋ ಪೇಪರ್‌ಗಳ ಮೊದಲ ಪ್ಯಾರಾದಲ್ಲೂ ಇರುತ್ತದೆ. 2011ರಲ್ಲಿ ಮಾರ್ಕ್ ಹ್ಯೂಸ್ ಅನ್ನುವವರು ಸಂಸ್ಥೆಗಳ ಬದಲಾವಣೆಯ ಬಗ್ಗೆ ಇದೇ 70 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಹಿಂಬಾಲಿಸಿಕೊಂಡು ಹೋದರು. ಈ ಮಾತು ಬಂದಿರುವ ಐದು ಪ್ರಕಟಣೆಗಳನ್ನು ಪರೀಕ್ಷಿಸಿದರು. ಒಂದರಲ್ಲೂ ಅದಕ್ಕೆ ಸರಿಯಾದ ಪುರಾವೆ ಸಿಗಲಿಲ್ಲ. 1993ರಲ್ಲಿ ಹ್ಯಾಮರ್ ಮತ್ತು ಚಾಂಪಿ ರೀಇಂಜಿನಿಯರಿಂಗ್ ಮಾಡಿದ ಕಂಪನಿಗಳಲ್ಲಿ ಶೇ. 50ರಿಂದ 70ಕ್ಕೆ ಅಂದುಕೊಂಡಷ್ಟು ಫಲ ಸಿಗಲಿಲ್ಲ ಅಂತ ಬರೆದಿದ್ದರು, ಅದೂ ಇದು ವೈಜ್ಞಾನಿಕ ಅಂದಾಜಲ್ಲ ಅಂತ ತಾವೇ ಹೇಳಿ. ಆಮೇಲೆ ಹ್ಯಾಮರ್ ಅವರೇ ಜನ ಇದನ್ನು ತಪ್ಪಾಗಿ ತೆಗೆದುಕೊಂಡರು ಅಂತ ಬರೆದರು. ಆದರೆ ಅಂಕಿ ನಿಲ್ಲಲಿಲ್ಲ. ಸೋತಿತು ಅನ್ನುವುದಕ್ಕೂ ಅದೇ ಪ್ರಶ್ನೆ ಕೇಳಬೇಕಲ್ಲವೇ, ಹಾಗಂತ ಹೇಳಿದವರು ಯಾರು, ಯಾವಾಗ ಹೇಳಿದರು? ಒಂದು ವರ್ಷದಲ್ಲಿ ಸೋಲು ಅನಿಸಿದ್ದು ಐದನೇ ವರ್ಷ ಹಾಗೇ ಇರುತ್ತದೆಯೇ? 2021ರಲ್ಲಿ ಎರಿಕ್ ಬ್ರಿನ್‌ಯಾಲ್ಫ್‌ಸನ್ ಮತ್ತು ಜೊತೆಗಾರರು ಇದನ್ನೇ ಇಂಗ್ಲಿಷಿನ ಜೆ ಅಕ್ಷರದ ಆಕಾರ ಅಂತ ವಿವರಿಸಿದರು. ಹೊಸ ತಂತ್ರಜ್ಞಾನ ಬಂದಾಗ ಕಂಪನಿ ಜನರಿಗೆ ಕಲಿಸಬೇಕು, ಕೆಲಸದ ದಾರಿ ಬದಲಿಸಬೇಕು, ಈ ಖರ್ಚೆಲ್ಲ ಲೆಕ್ಕದಲ್ಲಿ ಬಂಡವಾಳ ಅಂತ ಕಾಣುವುದಿಲ್ಲ. ಹಾಗಾಗಿ ಉತ್ಪಾದಕತೆ ಮೊದಲು ಕೆಳಗೆ ಬಾಗಿದ ಹಾಗೆ ಕಾಣುತ್ತದೆ, ಮೇಲೇಳುವುದು ಆಮೇಲೆ.

ಈಚಿನ ಕೆಲವು ವರ್ಷದಲ್ಲಿ ಗಾಳಿ ತಿರುಗಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಗಮನ ಎಐ ಕಡೆ. ಇಲ್ಲಿ ನನಗೆ ಖುಷಿ ಕೊಟ್ಟಿರುವುದು ಏನೆಂದರೆ ನಿಜವಾದ ಕೆಲಸದ ಜಾಗಕ್ಕೆ ಹೋಗಿ ಅಳೆಯುವ ಅಧ್ಯಯನಗಳು ಮತ್ತೆ ಬರುತ್ತಿವೆ. ಬ್ರಿನ್‌ಯಾಲ್ಫ್‌ಸನ್, ಡ್ಯಾನಿಯೆಲ್ ಲಿ ಮತ್ತು ಲಿಂಡ್ಸೆ ರೇಮಂಡ್ 5,000ಕ್ಕೂ ಜಾಸ್ತಿ ಕಸ್ಟಮರ್ ಸಪೋರ್ಟ್ ಕೆಲಸಗಾರರನ್ನು ಗಮನಿಸಿದರು. ಎಐ ಸಹಾಯ ಸಿಕ್ಕವರು ಗಂಟೆಗೆ ಬಗೆಹರಿಸಿದ ದೂರುಗಳು ಸರಾಸರಿ ಶೇ. 14–15ರಷ್ಟು ಹೆಚ್ಚಿದವು. ಹೊಸಬರಲ್ಲಿ ಹೆಚ್ಚಳ ಇದರ ಸುಮಾರು ಎರಡು ಪಟ್ಟು, ನುರಿತವರಿಗೆ ಆದ ಲಾಭ ತೀರಾ ಕಡಿಮೆ. ಯಾಕೆಂದರೆ ಆ ಎಐ ಒಳ್ಳೆಯ ಕೆಲಸಗಾರರ ಮಾತುಕತೆಯಿಂದಲೇ ಕಲಿತು ಹೊಸಬರಿಗೆ ಹೇಳಿಕೊಡುತ್ತಿತ್ತು. ಹಾಗಾದರೆ ಆ ನುರಿತವರಿಗೆ ಏನು ಸಿಕ್ಕಿತು? ಅವರ ಅನುಭವ ಯಂತ್ರದೊಳಗೆ ಹೋಯಿತು, ಅದಕ್ಕೆ ಬೆಲೆ ಯಾರು ಕೊಡಬೇಕು? ಮುಂದಿನ ಹತ್ತು ವರ್ಷ ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಅಂತ ನನ್ನ ನಂಬಿಕೆ.

2023ರಲ್ಲಿ 758 ಕನ್ಸಲ್ಟೆಂಟ್‌ಗಳ ಮೇಲೆ ಒಂದು ಪ್ರಯೋಗ ನಡೆಯಿತು. ಎಐ ಚೆನ್ನಾಗಿ ಮಾಡಬಲ್ಲ ಕೆಲಸದಲ್ಲಿ ಅವರು ಬೇಗ ಮಾಡಿದರು, ಗುಣಮಟ್ಟವೂ ಏರಿತು. ಎಐಗೆ ಎಟುಕದ ಹಾಗೆ ಬೇಕೆಂತಲೇ ಆರಿಸಿದ ಒಂದು ಕೆಲಸ ಕೊಟ್ಟಾಗ ಎಐ ಬಳಸಿದವರು ಸರಿ ಉತ್ತರ ಕೊಟ್ಟದ್ದು ಬಳಸದವರಿಗಿಂತ 19 ಶೇಕಡಾ ಅಂಶ ಕಡಿಮೆ. ಎರಡೂ ಕೆಲಸ ನೋಡಲು ಹೆಚ್ಚು ಕಡಿಮೆ ಒಂದೇ ಮಟ್ಟದ ಕಷ್ಟದವು ಅನಿಸುತ್ತಿದ್ದವು, ಗಡಿ ಎಲ್ಲಿದೆ ಅಂತ ಮುಂಚೆ ಗೊತ್ತಾಗುತ್ತಿರಲಿಲ್ಲ. ಮನೆಯಿಂದ ಕೆಲಸದ ಬಗ್ಗೆಯೂ ಇಂಥದೇ ಗಟ್ಟಿ ಪ್ರಯೋಗ ಇದೆ, ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರದು, 2024ರಲ್ಲಿ ಬಂದದ್ದು. 1,612 ಜನರ ಮೇಲೆ ನಡೆದ ಆ ಅಧ್ಯಯನದಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಟ್ಟಾಗ ಕೆಲಸ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು. ಪರಿಸರ ಮತ್ತು ಡಿಜಿಟಲ್ ಎರಡೂ ಒಟ್ಟಿಗೆ ಅನ್ನುವ ಯುರೋಪಿನ ಹೊಸ ಧಾಟಿ, ಚಿಕ್ಕ ಉದ್ದಿಮೆಗಳ ಬಗ್ಗೆ ಬರುತ್ತಿರುವ ಪೇಪರ್‌ಗಳು, ಇವನ್ನು ನಾನಿನ್ನೂ ಸರಿಯಾಗಿ ಓದಿಲ್ಲ, ಹಾಗಾಗಿ ಸುಮ್ನೆ ಏನೋ ಹೇಳುವುದಿಲ್ಲ.

ಪ್ರಯೋಗಗಳಿಗೂ ಒಂದು ಮಿತಿ ಇದೆ. ಅವು ಕೆಲವು ವಾರ, ಕೆಲವು ತಿಂಗಳು ನಡೆಯುತ್ತವೆ. ಒಬ್ಬೊಬ್ಬರಿಗೂ ಬೇರೆಯಾಗಿ ಅಳೆಯಬಹುದಾದ ಕೆಲಸವನ್ನೇ ಆರಿಸುತ್ತವೆ. ಮೂರು ಪಾಳಿಯ ಗಣಿಯಲ್ಲಿ ಒಬ್ಬನ ಕೆಲಸ ಇನ್ನೊಬ್ಬನ ತಲೆ ಮೇಲೆ ಬೀಳುವುದನ್ನು ಅವು ಹಿಡಿಯಲಾರವು. ಬಾರ್ಲಿ ಥರ ತಿಂಗಳುಗಟ್ಟಲೆ ಕೂತು ನೋಡಲು ಇವತ್ತು ಸಂಶೋಧಕರಿಗೆ ಸಮಯ ಯಾರು ಕೊಡುತ್ತಾರೆ? ವರ್ಷಕ್ಕೆ ಇಷ್ಟು ಪೇಪರ್ ಅಂತ ಲೆಕ್ಕ ಕೇಳುವ ಕಡೆ ಪದ ಎಣಿಸುವುದು ಸುಲಭದ ದಾರಿ. ತಪ್ಪು ಆ ಯುವ ಸಂಶೋಧಕರದು ಅಂತ ನಾನು ಹೇಳಲಾರೆ.

ಆ ಕಂಪನಿ ಬಿಡುವ ಮುಂಚೆ ಒಂದು ದಿನ ಸ್ಟೋರ್ಸ್‌ಗೆ ಹೋಗಿ, ನಿಮ್ಮ ನೋಟ್‌ಬುಕ್ ಒಮ್ಮೆ ನೋಡಬಹುದಾ ಸರ್ ಅಂತ ಕೇಳಿದ್ದೆ. ಅವರು ಖುಷಿಯಿಂದ ತೋರಿಸಿದರು. ಸಿಸ್ಟಮ್‌ನಲ್ಲಿ ಇರುವುದೆಲ್ಲ ಅದರಲ್ಲಿ ಇತ್ತು, ತಾರೀಕು, ಆರ್ಡರ್ ನಂಬರು, ಎಷ್ಟು ಬಂತು. ಬಲಗಡೆ ಇನ್ನೊಂದು ಸಾಲು ಎಳೆದಿದ್ದರು, ಅದು ಸಿಸ್ಟಮ್‌ನಲ್ಲಿ ಇರಲಿಲ್ಲ. ಯಾರ ಮಾಲು ಯಾವಾಗಲೂ ಒಂದೆರಡು ಕಡಿಮೆ ಬರುತ್ತದೆ, ಯಾವ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಸಹಿ ಹಾಕಬಾರದು, ಯಾವ ಲಾರಿ ತಡವಾದರೆ ಯಾರಿಗೆ ಫೋನ್ ಮಾಡಬೇಕು. ಸಾಫ್ಟ್‌ವೇರ್ ಮಾಡುವಾಗ ನಿಮ್ಮನ್ನು ಯಾರಾದರೂ ಕೇಳಿದ್ದರಾ ಅಂದೆ. ಎರಡು ದಿನ ಟ್ರೈನಿಂಗ್ ಕೊಟ್ಟರಲ್ಲ ಅಂದರು.